ಸಿಬ್ಬಂದಿ ಸೌಲಭ್ಯಗಳು: ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಅರ್ಹತೆ, ನೋಂದಣಿಯ ನಿಯಮ ಕೂರಿಸುವ ಬಗೆ

ಮಡಿಕೇರಿಯ ಒಂದು ರೆಸಾರ್ಟು. ಫ್ರಂಟ್ ಆಫೀಸಿನಲ್ಲಿರುವ ಒಬ್ಬರ ಹೆಂಡತಿ ತವರಿಗೆ ಹೋಗಿದ್ದಾಗ ನವೆಂಬರ್ 12ರಂದು ಹೆರಿಗೆಯಾಯಿತು ಎಂದಿಟ್ಟುಕೊಳ್ಳಿ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆ ಇದೆ, ಆದರೆ 30 ದಿನದೊಳಗೆ ಹೆಸರು ಸೇರಿಸಬೇಕು. ಆತ ಫಾರಂ ತುಂಬಿದ್ದು ಡಿಸೆಂಬರ್ 20ಕ್ಕೆ. ಸಾಫ್ಟ್‌ವೇರ್ ಏನೂ ಕೇಳದೆ ತೆಗೆದುಕೊಂಡಿತು, ಹಸಿರು ಬಣ್ಣದಲ್ಲಿ ‘ನೋಂದಣಿ ಯಶಸ್ವಿ’ ಎಂದೂ ತೋರಿಸಿತು. ಜನವರಿಯಲ್ಲಿ ಮಗುವನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ ವಿಮಾ ಕಂಪನಿಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಇಲ್ಲಿ ಮೂರು ದಿನಾಂಕಗಳನ್ನು ಒಂದೇ ಎಂದುಕೊಂಡದ್ದೇ ತಪ್ಪು. ಅರ್ಹತೆ ಹುಟ್ಟುವ ದಿನ ಒಂದು, ನೋಂದಣಿಗೆ ಕೊಟ್ಟ ಅವಧಿ ಇನ್ನೊಂದು, ರಕ್ಷಣೆ ಶುರುವಾಗುವ ದಿನ ಮತ್ತೊಂದು. ಯಾವ ಸಾಫ್ಟ್‌ವೇರ್ ಆದರೂ ಸರಿ, ಪ್ರತಿ ಸೌಲಭ್ಯಕ್ಕೂ ಈ ಮೂರನ್ನು ಬೇರೆ ಬೇರೆ ಬರೆದುಕೊಳ್ಳದೆ ಸೆಟ್ಟಿಂಗ್ಸ್ ತೆರೆಯಬೇಡಿ. ಒಂದು ಹಾಳೆ ಸಾಕು. ಎಡಗಡೆ ಸೌಲಭ್ಯದ ಹೆಸರು, ಪಕ್ಕದಲ್ಲಿ ಈ ಮೂರು ಅಂಕಣ, ಕೊನೆಯಲ್ಲಿ ‘ಯಾವಾಗ ನಿಲ್ಲುತ್ತದೆ’ ಎಂಬ ನಾಲ್ಕನೆಯದು.

ಮೊದಲು ಸಿಬ್ಬಂದಿ ಮಾಹಿತಿ ಶುಚಿ ಮಾಡಿ

ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ಓದುವುದು ಮಾಸ್ಟರ್‌ನಲ್ಲಿರುವ, ಅಂದರೆ ಸಿಬ್ಬಂದಿಯ ಮೂಲ ದಾಖಲೆಯಲ್ಲಿರುವ ಮಾಹಿತಿಯನ್ನು. ಸೇರಿದ ದಿನ, ಹುಟ್ಟಿದ ದಿನ, ಕೆಲಸದ ಸ್ಥಳ, ನೇಮಕದ ಬಗೆ, ಖಾಯಂ ಆದ ದಿನ, ವೇತನದ ಅಂಶಗಳು: ಇಷ್ಟಂತೂ ಎಲ್ಲರಿಗೂ ತುಂಬಿರಲೇಬೇಕು. ‘ಖಾಯಂ ಆದ ದಿನದಿಂದ’ ಎಂಬ ಷರತ್ತು ಹಾಕಿ ಆ ಕಾಲಂ ಖಾಲಿ ಬಿಟ್ಟರೆ ಹೆಚ್ಚಿನ ಸಾಫ್ಟ್‌ವೇರ್ ತಪ್ಪು ಎಂದು ಕೂಗುವುದಿಲ್ಲ. ಆ ವ್ಯಕ್ತಿಯನ್ನು ಸುಮ್ಮನೆ ಅನರ್ಹರ ಸಾಲಿಗೆ ಸೇರಿಸುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮೊದಲ ದಿನವೇ ಖಾಲಿ ಕಾಲಂಗಳ ವರದಿ ತೆಗೆಯಿರಿ.

ನೇಮಕದ ಬಗೆಯನ್ನು ಕೊಡಗಿನ ಕೆಲಸಕ್ಕೆ ತಕ್ಕಂತೆ ಒಡೆಯಬೇಕು. ಖಾಯಂ, ಪ್ರೊಬೇಷನ್, ನಿಗದಿತ ಅವಧಿ, ಸೀಸನ್, ಗುತ್ತಿಗೆದಾರರ ಮೂಲಕ ಬಂದವರು ಎಂದು ಕನಿಷ್ಠ ಐದು ಬೇಕು. ಕಾಫಿ ಕುಯ್ಲಿಗೆ ಬಂದವರನ್ನೂ ಒಂದು ವರ್ಷದ ಕರಾರಿನಲ್ಲಿರುವ ಅಕೌಂಟೆಂಟರನ್ನೂ ‘ತಾತ್ಕಾಲಿಕ’ ಎಂಬ ಒಂದೇ ಡಬ್ಬಕ್ಕೆ ಹಾಕಿದರೆ ಮುಂದೆ ಗ್ರಾಚ್ಯುಟಿಯ ಲೆಕ್ಕ ಕೆಡುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಡಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಹುಟ್ಟುತ್ತದೆ. ಖಾಯಂ ನೌಕರರಿಗೆ ಎಂದಿನ ಐದು ವರ್ಷ.

ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಡವರಲ್ಲಿ ಮನೆಪೆದ (ಮನೆತನದ ಹೆಸರು) ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಸಾಫ್ಟ್‌ವೇರ್‌ನಲ್ಲಿರುವುದು ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’. ಒಬ್ಬರು ಮನೆಪೆದವನ್ನು ಮೊದಲ ಡಬ್ಬಕ್ಕೆ ಹಾಕುತ್ತಾರೆ, ಇನ್ನೊಬ್ಬರು ಕೊನೆಯದಕ್ಕೆ, ಮೂರನೆಯವರು ಒಂದೇ ಅಕ್ಷರಕ್ಕೆ ಇಳಿಸುತ್ತಾರೆ. ಪಿಎಫ್‌ನ (ಭವಿಷ್ಯ ನಿಧಿ) ಯುಎಎನ್‌ಗೆ, ಅಂದರೆ ಸದಸ್ಯರ ಖಾಯಂ ಸಂಖ್ಯೆಗೆ ಆಧಾರ್ ಜೋಡಿಸುವಾಗ, ಆಸ್ಪತ್ರೆಯಲ್ಲಿ ವಿಮಾ ಕಾರ್ಡನ್ನು ಆಧಾರ್ ಜೊತೆ ತಾಳೆ ನೋಡುವಾಗ ಇದೇ ತೊಡರುಗಾಲು. ‘ಆಧಾರ್‌ನಲ್ಲಿ ಇರುವಂತೆ ಹೆಸರು’ ಎಂಬ ಪ್ರತ್ಯೇಕ ಕಾಲಂ ಮಾಡಿ, ಹೊರಗೆ ಹೋಗುವ ಪಟ್ಟಿಗಳೆಲ್ಲ ಆ ಕಾಲಂನಿಂದಲೇ ಹೆಸರು ಎತ್ತಿಕೊಳ್ಳುವಂತೆ ಜೋಡಿಸಿ. ಅಸ್ಸಾಂ, ಬಂಗಾಳದಿಂದ ತೋಟಕ್ಕೆ ಬಂದವರ ಹೆಸರನ್ನು ಚೆಕ್‌ರೋಲ್‌ನಲ್ಲಿ (ಹಾಜರಿ ಪುಸ್ತಕ) ರೈಟರ್, ಅಂದರೆ ತೋಟದ ಗುಮಾಸ್ತರು, ಕಿವಿಗೆ ಕೇಳಿದಂತೆ ಬರೆದಿರುತ್ತಾರೆ. ಅದನ್ನು ನಕಲು ಮಾಡದೆ ಆಧಾರ್ ನೋಡಿಯೇ ಟೈಪ್ ಮಾಡಿ.

ಕಾನೂನಿನ ಸೌಲಭ್ಯಕ್ಕೆ ಪ್ರೊಬೇಷನ್ ಷರತ್ತು ಬೇಡ

‘ಆರು ತಿಂಗಳಾದ ಮೇಲೆ ಸೌಲಭ್ಯ’ ಎಂಬ ಒಂದೇ ನಿಯಮವನ್ನು ಎಲ್ಲದಕ್ಕೂ ಅಂಟಿಸುವುದು ಬಹಳ ಕಡೆ ಕಾಣುವ ತಪ್ಪು. ಪಿಎಫ್ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುವ ಸಂಸ್ಥೆಯಲ್ಲಿ ಅವು ಕೆಲಸಕ್ಕೆ ಸೇರಿದ ದಿನದಿಂದಲೇ. ಇವೆರಡರಲ್ಲಿ ಕಾಯುವ ಅವಧಿಯ ಜಾಗದಲ್ಲಿ ಸೊನ್ನೆ ಹಾಕಿ, ಬದಲಾಯಿಸಲು ಬಾರದಂತೆ ಲಾಕ್ ಮಾಡಿ.

ಪಿಎಫ್‌ನ ನಿಯಮಕ್ಕೆ ಎರಡು ಪ್ರಶ್ನೆ: ಸೇರುವಾಗ ಪಿಎಫ್ ವೇತನ 15,000 ರೂಪಾಯಿಗಿಂತ ಹೆಚ್ಚೇ, ಮತ್ತು ಈ ವ್ಯಕ್ತಿ ಹಿಂದೆ ಸದಸ್ಯರಾಗಿದ್ದರೇ? ಎರಡನೆಯದರ ಉತ್ತರ ಹೊಸಬರು ಕೊಡುವ ಘೋಷಣೆಯಲ್ಲಿ ಇರುತ್ತದೆ, ಅದನ್ನು ಕಡ್ಡಾಯ ಕಾಲಂ ಮಾಡಿ. ಹಿಂದೆ ಸದಸ್ಯರಾಗಿದ್ದು ಖಾತೆ ಮುಚ್ಚದವರು ವೇತನ ಎಷ್ಟೇ ಇದ್ದರೂ ಮುಂದುವರಿಯುತ್ತಾರೆ. ಸದಸ್ಯರಾದ ಮೇಲೆ ವೇತನ 15,000 ದಾಟಿದರೂ ಸದಸ್ಯತ್ವ ಹೋಗುವುದಿಲ್ಲ. ಆದ್ದರಿಂದ ಷರತ್ತನ್ನು ‘ಈಗಿನ ವೇತನ’ದ ಮೇಲೆ ಬರೆಯಬಾರದು, ‘ಸೇರಿದಾಗಿನ ವೇತನ’ದ ಮೇಲೆ ಬರೆಯಬೇಕು. ಪಿಂಚಣಿ ಭಾಗಕ್ಕೆ ಇನ್ನೊಂದು ಕವಲು: 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚು ವೇತನದಲ್ಲಿ ಮೊದಲ ಬಾರಿ ಸದಸ್ಯರಾದವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ, ಮಾಲೀಕರ 12 ಶೇಕಡಾ ಪೂರ್ತಿ ಪಿಎಫ್‌ಗೇ ಹೋಗುತ್ತದೆ. ಉಳಿದವರಿಗೆ ಮಾಲೀಕರ ಪಾಲಿನಿಂದ 8.33 ಶೇಕಡಾ ಪಿಂಚಣಿಗೆ, ಗರಿಷ್ಠ 1,250 ರೂಪಾಯಿ. 58 ತುಂಬಿದ ತಿಂಗಳು ಇದು ತಾನಾಗಿ ನಿಲ್ಲುವಂತೆ ಹುಟ್ಟಿದ ದಿನಕ್ಕೆ ಕಟ್ಟಿ.

ಇಎಸ್‌ಐ ನಿಯಮ ಇನ್ನೂ ಸೂಕ್ಷ್ಮ. ಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವಿಕಲ ನೌಕರರಿಗೆ 25,000. ನೌಕರರ ಪಾಲು 0.75 ಶೇಕಡಾ, ಮಾಲೀಕರದು 3.25. ವಂತಿಗೆಯ ಅವಧಿಗಳು ಎರಡು: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿಯ ನಡುವೆ ವೇತನ ಮಿತಿ ದಾಟಿದರೂ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟಲೇಬೇಕು.

ಒಬ್ಬ ಬಾಣಸಿಗರನ್ನೇ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ 20,500, ಜೂನ್ 1ರಿಂದ 22,000. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ 22,000ದ ಮೇಲೆ ಅವರಿಂದ 165 ರೂಪಾಯಿ, ಮಾಲೀಕರಿಂದ 715 ಹೋಗಬೇಕು. ಅಕ್ಟೋಬರ್ 1ಕ್ಕೆ ನಿಲ್ಲುತ್ತದೆ. ‘ವೇತನ 21,000ಕ್ಕಿಂತ ಕಡಿಮೆ’ ಎಂದಷ್ಟೇ ನಿಯಮ ಬರೆದಿದ್ದರೆ ಸಾಫ್ಟ್‌ವೇರ್ ಅವರನ್ನು ಜೂನ್‌ನಲ್ಲೇ ಹೊರಹಾಕಿ ನಾಲ್ಕು ತಿಂಗಳ ಬಾಕಿ ಮಾಡಿಡುತ್ತದೆ. ಅರ್ಹತೆಯನ್ನು ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಮಾತ್ರ ಮರುಪರಿಶೀಲಿಸುವಂತೆ ಹಾಕಿ; ಹೊಸಬರಿಗೆ ಸೇರಿದ ದಿನ. ದಸರಾ, ಡಿಸೆಂಬರ್ ರಜೆಯ ನೂಕುನುಗ್ಗಲಲ್ಲಿ ಓವರ್‌ಟೈಮ್ ಸೇರಿ ಒಟ್ಟು ಮೊತ್ತ ಮಿತಿ ದಾಟುವುದುಂಟು. ಮಿತಿಯ ಲೆಕ್ಕಕ್ಕೆ ಓವರ್‌ಟೈಮ್ ಬರುವುದಿಲ್ಲ, ಆ ಅಂಶದ ಮುಂದಿನ ಟಿಕ್ ತೆಗೆದಿಡಿ.

ವೇತನದ ವ್ಯಾಖ್ಯೆ ಈಗ ಬದಲಾಗಿದೆ. ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಿನ ಭಾಗ ವೇತನಕ್ಕೇ ಸೇರುತ್ತದೆ. ಹಾಗಾಗಿ ಪ್ರತಿ ನಿಯಮದಲ್ಲೂ ಸೂತ್ರ ಬರೆಯುತ್ತ ಹೋಗದೆ ‘ವೇತನ ಆಧಾರ’ ಎಂಬ ಒಂದೇ ಸೂತ್ರ ಮಾಡಿ, ನಿಯಮಗಳೆಲ್ಲ ಅದನ್ನೇ ಕರೆಯಲಿ. ಪ್ರತಿ ನಿಯಮಕ್ಕೂ ‘ಇಂಥ ದಿನದಿಂದ ಜಾರಿ’ ಎಂಬ ದಿನಾಂಕ ಇರಲಿ. ಹಳೆಯದನ್ನು ತಿದ್ದಬೇಡಿ, ಮುಕ್ತಾಯ ದಿನ ಹಾಕಿ ಹೊಸದು ಸೇರಿಸಿ. ತಿದ್ದಿದರೆ ಹಳೆಯ ತಿಂಗಳ ಲೆಕ್ಕ ಮತ್ತೆ ಓಡಿಸಿದಾಗ ಅಂಕಿಗಳು ಬೇರೆಯಾಗುತ್ತವೆ.

ಗುಂಪು ಆರೋಗ್ಯ ವಿಮೆ

ಇಲ್ಲಿ ಕಾನೂನಿಗಿಂತ ಪಾಲಿಸಿಯ ಮಾತೇ ಮಾತು. ಪಾಲಿಸಿಯ ಷರತ್ತಿನ ಹಾಳೆಯನ್ನು ಎದುರಿಗೇ ಇಟ್ಟುಕೊಂಡು ಸೆಟ್ ಮಾಡಿ.

ಅರ್ಹತೆಯ ಷರತ್ತು ಬರೆಯುವಾಗ ‘ಮತ್ತು’, ‘ಅಥವಾ’ ಕೈಕೊಡುತ್ತವೆ. ‘ಸ್ಥಳ ಮಡಿಕೇರಿ ಅಥವಾ ಸ್ಥಳ ಕುಶಾಲನಗರ ಮತ್ತು ಬಗೆ ಖಾಯಂ’ ಎಂದು ಬರೆದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ‘ಮತ್ತು’ವನ್ನು ಮೊದಲು ಬಿಡಿಸುತ್ತದೆ. ಆಗ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಖಾಯಂ ಆದವರು ಮಾತ್ರ, ಮಡಿಕೇರಿಯಲ್ಲಿ ಸೀಸನ್‌ನವರೂ ಸೇರಿ ಎಲ್ಲರೂ ಅರ್ಹರಾಗುತ್ತಾರೆ. ಎರಡು ಸ್ಥಳಗಳನ್ನು ಒಂದು ಆವರಣದೊಳಗೆ ಹಾಕಿ.

ಇಎಸ್‌ಐ ಇಲ್ಲದವರಿಗೆ ಮಾತ್ರ ಗುಂಪು ವಿಮೆ ಎಂಬ ಕಂಪನಿಗಳಲ್ಲಿ ಎರಡು ನಿಯಮಗಳ ಕೀಲು ಕೂಡಬೇಕು. ಮೇಲಿನ ಬಾಣಸಿಗರು ಅಕ್ಟೋಬರ್ 1ಕ್ಕೆ ಇಎಸ್‌ಐನಿಂದ ಹೊರಬಂದ ದಿನವೇ ವಿಮೆಗೆ ಅರ್ಹರಾಗಬೇಕು. ಏಪ್ರಿಲ್‌–ಸೆಪ್ಟೆಂಬರ್ ವಂತಿಗೆಯ ಬಲದಲ್ಲಿ ಮುಂದಿನ ಜನವರಿಯಿಂದ ಜೂನ್‌ವರೆಗೂ ಅವರಿಗೆ ಇಎಸ್‌ಐ ಸೌಲಭ್ಯ ಸಿಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಕಾಯಬೇಡಿ. ತಡವಾದರೆ ಪಾಲಿಸಿ ವರ್ಷದ ನಡುವಿನ ಸೇರ್ಪಡೆಗೆ ವಿಮಾ ಕಂಪನಿಗೆ ಕಾರಣ ತೋರಿಸುವುದು ಕಷ್ಟವಾಗುತ್ತದೆ.

ಕಾಯುವ ಅವಧಿ ಬೇಕೆಂದಿದ್ದರೆ ಅದನ್ನು ಎಣಿಸುವ ಬಗೆಯನ್ನು ಸ್ಪಷ್ಟ ಮಾಡಿ. ಜನವರಿ 12ಕ್ಕೆ ಸೇರಿದವರಿಗೆ ‘30 ದಿನದ ನಂತರ’ ಎಂದರೆ ಫೆಬ್ರವರಿ 11. ‘30 ದಿನದ ನಂತರದ ತಿಂಗಳ ಮೊದಲ ದಿನ’ ಎಂದರೆ ಮಾರ್ಚ್ 1. ನೇಮಕ ಪತ್ರದಲ್ಲಿ ಒಂದು, ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಇದ್ದರೆ ಆ 18 ದಿನದಲ್ಲಿ ಆಸ್ಪತ್ರೆ ಸೇರಿದವರಿಗೆ ಉತ್ತರ ಹೇಳುವವರು ನೀವೇ. ಕಾಯುವ ಅವಧಿಯನ್ನೇ ತೆಗೆದುಬಿಡುವುದು ಒಳ್ಳೆಯದು.

ಅವಲಂಬಿತರಿಗೆ ಷರತ್ತುಗಳನ್ನು ಒಂದೊಂದಾಗಿ ಹಾಕಿ. ಸಂಗಾತಿ ಒಬ್ಬರೇ. ಮಕ್ಕಳ ಸಂಖ್ಯೆ, ವಯಸ್ಸಿನ ಮಿತಿ ಪಾಲಿಸಿಯಂತೆ. ವಯಸ್ಸನ್ನು ಪಾಲಿಸಿ ಶುರುವಾಗುವ ದಿನ ಲೆಕ್ಕ ಹಾಕಬೇಕೋ ದಿನದಿನವೋ ಎಂಬುದನ್ನೂ ಪಾಲಿಸಿಯಲ್ಲೇ ನೋಡಿ. ದಿನದಿನ ಎಂದು ಬಿಟ್ಟರೆ ಮಿತಿಯ ವಯಸ್ಸು ತುಂಬಿದ ದಿನ ಮಗಳ ಹೆಸರು ವರ್ಷದ ನಡುವೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಹೆತ್ತವರು ಅಥವಾ ಅತ್ತೆ–ಮಾವ, ಯಾವುದಾದರೂ ಒಂದು ಜೋಡಿ ಎಂಬ ಷರತ್ತಿದ್ದರೆ ತಂದೆಯ ಜೊತೆ ಅತ್ತೆಯನ್ನು ಸೇರಿಸಲು ಬಾರದಂತೆ ತಡೆ ಹಾಕಿ.

ನೋಂದಣಿಯ ಕಿಟಕಿಗಳು ಮೂರು: ವರ್ಷಕ್ಕೊಮ್ಮೆ ಎಲ್ಲರಿಗೂ, ಹೊಸಬರಿಗೆ ಸೇರಿದ ದಿನದಿಂದ, ಮದುವೆ–ಹೆರಿಗೆಯಂಥ ಘಟನೆಗೆ ಆ ಘಟನೆಯ ದಿನದಿಂದ. ಕೊನೆಯ ಎರಡಕ್ಕೆ ಪಾಲಿಸಿ 30 ದಿನ ಕೊಟ್ಟಿದ್ದರೆ ಸಾಫ್ಟ್‌ವೇರ್‌ನಲ್ಲಿ 25 ಹಾಕಿ, ಉಳಿದ ಐದು ದಿನ ನೀವು ಪಟ್ಟಿ ಕಳಿಸಲು ಬೇಕು. ಎಣಿಕೆ ಶುರುವಾಗುವುದು ಫಾರಂ ತೆರೆದ ದಿನದಿಂದಲ್ಲ, ಘಟನೆಯ ದಿನದಿಂದ. ಮೊದಲು ಹೇಳಿದ ಮಗುವಿನ ವಿಷಯದಲ್ಲಿ ತಪ್ಪಿದ್ದು ಇದೇ. 10ನೇ ಮತ್ತು 20ನೇ ದಿನ ನೌಕರರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಲಿ, 26ನೇ ದಿನದಿಂದ ಫಾರಂ ತಾನಾಗಿ ತೆಗೆದುಕೊಳ್ಳದೆ ಎಚ್‌ಆರ್ ಮುಂದೆ ಬಂದು ನಿಲ್ಲಲಿ. ಮಗುವಿಗೆ ಹೆಸರಿಟ್ಟಿಲ್ಲ ಎಂದು ಕಾಯುವವರೂ ಇದ್ದಾರೆ. ಹೆಸರಿನ ಜಾಗದಲ್ಲಿ ‘ಇಂಥವರ ಮಗು’ ಎಂದು ಬರೆಯಲು ಅವಕಾಶ ಕೊಡಿ, ಆಮೇಲೆ ತಿದ್ದಬಹುದು.

ವಾರ್ಷಿಕ ಕಿಟಕಿಯ ದಿನ ಆರಿಸುವಾಗ ಊರಿನ ಕ್ಯಾಲೆಂಡರ್ ನೋಡಿ. ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದಾಗಿನಿಂದ ಫೆಬ್ರವರಿಯವರೆಗೆ ತೋಟದ ಆಫೀಸಿನವರಿಗೆ ಕುಯ್ಲು, ಒಣಗಿಸುವುದು, ತೂಕ ಬಿಟ್ಟು ಬೇರೆ ಧ್ಯಾನವಿಲ್ಲ. ಪಾಲಿಸಿ ಏಪ್ರಿಲ್ 1ಕ್ಕೆ ನವೀಕರಣವಾಗುವುದಾದರೆ ಮಾರ್ಚ್ 1ರಿಂದ 15 ಒಳ್ಳೆಯ ಕಾಲ. ಆ್ಯಪ್ ಬಳಸಲು ಬಾರದವರಿಗೆ ರೈಟರ್ ಟ್ಯಾಬ್ ಹಿಡಿದು ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ಹೋಗಿ ತುಂಬಲಿ, ಆದರೆ ಒಟಿಪಿ ನೌಕರರ ಫೋನಿಗೇ ಹೋಗಲಿ ಮತ್ತು ತುಂಬಿದ್ದನ್ನು ಮುದ್ರಿಸಿ ಅವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಲಿ.

ಯಾರಾದರೂ ಏನೂ ಆರಿಸದಿದ್ದರೆ? ಕಂಪನಿಯೇ ಪ್ರೀಮಿಯಂ ಕಟ್ಟುವ ಮೂಲ ಪ್ಲಾನ್‌ಗೆ ತಾನಾಗಿ ಸೇರಲಿ. ಬೇಡ ಎನ್ನುವವರು ಬೇಡ ಎಂದೇ ಒತ್ತಬೇಕು. ನೌಕರರ ಸಂಬಳದಿಂದ ಹಣ ಹೋಗುವ ಹೆತ್ತವರ ವಿಮೆ, ಟಾಪ್‌ಅಪ್‌ಗಳಲ್ಲಿ ಇದು ತಿರುಗುಮುರುಗು: ಒಪ್ಪಿಗೆ ಇಲ್ಲದೆ ಸೇರಿಸಕೂಡದು.

ಕಡಿತದ ಲೆಕ್ಕ

ಹೆತ್ತವರ ಪ್ರೀಮಿಯಂ ವರ್ಷಕ್ಕೆ 18,000, ಪಾಲಿಸಿ ಏಪ್ರಿಲ್‌ನಿಂದ ಮಾರ್ಚ್ ಎಂದುಕೊಳ್ಳಿ. ಡಿಸೆಂಬರ್ 1ಕ್ಕೆ ಸೇರಿದವರಿಗೆ ಉಳಿದಿರುವುದು 121 ದಿನ, ಅಂದರೆ ಸುಮಾರು 5,967 ರೂಪಾಯಿ, ನಾಲ್ಕು ಕಂತಿನಲ್ಲಿ ತಿಂಗಳಿಗೆ 1,492. ‘ದಿನದ ಲೆಕ್ಕದಲ್ಲಿ’ ಎಂಬ ಆಯ್ಕೆ ಒತ್ತದಿದ್ದರೆ ಸಾಫ್ಟ್‌ವೇರ್ ಪೂರ್ತಿ 18,000ವನ್ನು ಉಳಿದ ನಾಲ್ಕು ತಿಂಗಳಿಗೆ ಹಂಚಿ 4,500 ಕಡಿಯುತ್ತದೆ. ಕೆಲಸ ಬಿಟ್ಟವರ ಉಳಿದ ಕಂತು ಅಂತಿಮ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನೂ ನೋಡಿ.

ಪರೀಕ್ಷೆ

ಲೈವ್ ಮಾಡುವ ಮೊದಲು ಟೆಸ್ಟ್ ಖಾತೆಯಲ್ಲಿ ಸುಳ್ಳು ನೌಕರರನ್ನು ಸೃಷ್ಟಿಸಿ. ವೇತನ ಸರಿಯಾಗಿ 21,000 ಇರುವವರು, 21,001 ಇರುವವರು, ಅವಧಿಯ ನಡುವೆ ಹೆಚ್ಚಳ ಪಡೆದವರು, ತಿಂಗಳ 31ಕ್ಕೆ ಸೇರಿದವರು, ಫೆಬ್ರವರಿ 29ಕ್ಕೆ ಹುಟ್ಟಿದವರು, ಈ ತಿಂಗಳು 58 ತುಂಬುವವರು, ಕಳೆದ ಕುಯ್ಲಿಗೆ ಬಂದು ಹೋಗಿ ಮತ್ತೆ ಬಂದವರು. ಕೊನೆಯವರಲ್ಲಿ ಹಳೆಯ ಯುಎಎನ್ ಬದಲು ಹೊಸದು ಹುಟ್ಟುತ್ತದೆಯೇ ನೋಡಿ. ಆಧಾರ್ ಸಂಖ್ಯೆ ಮೊದಲೇ ಇದ್ದರೆ ಸಾಫ್ಟ್‌ವೇರ್ ತಡೆದು ಹೇಳಬೇಕು. ಪ್ರತಿಯೊಬ್ಬರಿಗೂ ಬರಬೇಕಾದ ಉತ್ತರವನ್ನು ಮೊದಲೇ ಹಾಳೆಯಲ್ಲಿ ಬರೆದಿಟ್ಟು ಆಮೇಲೆ ಓಡಿಸಿ. ಫಲಿತಾಂಶ ನೋಡಿದ ಮೇಲೆ ಬರೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಲೈವ್ ಆದ ಮೇಲೆ ಪ್ರತಿ ತಿಂಗಳೂ ವಿಮಾ ಕಂಪನಿಯಿಂದ ಸದ್ಯದ ಸದಸ್ಯರ ಪಟ್ಟಿ ತರಿಸಿ ನಿಮ್ಮ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ಹಾಕಿ: ಹೆಸರು, ಹುಟ್ಟಿದ ದಿನ, ಸಂಬಂಧ, ರಕ್ಷಣೆ ಶುರುವಾದ ದಿನ. ನಿಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ ಹೆಸರು ಸಿಕ್ಕರೆ ಮೊದಲು ಸಿಡಿ ಬ್ಯಾಲೆನ್ಸ್, ಅಂದರೆ ವಿಮಾ ಕಂಪನಿಯಲ್ಲಿ ನೀವಿಟ್ಟ ಮುಂಗಡ ಠೇವಣಿಯಲ್ಲಿ ಉಳಿದ ಹಣ ನೋಡಿ. ನಡುವೆ ಸೇರುವವರ ಪ್ರೀಮಿಯಂ ಆ ಮುಂಗಡ ಠೇವಣಿಯಿಂದಲೇ ಕಡಿತವಾಗುವುದು, ಅದು ಬರಿದಾಗಿದ್ದರೆ ಸೇರ್ಪಡೆಗಳು ಅಲ್ಲೇ ನಿಲ್ಲುತ್ತವೆ. ಹಣ ತುಂಬಿಸಿ, ಸೇರ್ಪಡೆಯ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಹೆಸರು ಸೇರಿದ್ದಕ್ಕೆ ವಿಮಾ ಕಂಪನಿಯ ಪತ್ರ) ಸಂಖ್ಯೆ ಕೈಗೆ ಬಂದ ಮೇಲೆಯೇ ಸಾಫ್ಟ್‌ವೇರ್‌ನಲ್ಲಿ ಆ ಸಾಲನ್ನು ‘ನೋಂದಣಿ ಯಶಸ್ವಿ’ ಎಂದು ಗುರುತಿಸಿ.