ಸ್ಯಾಂಟಾ ಕ್ಲಾರಾ ಕೌಂಟಿಗೆ ಹೊಸಬರೇ? ಮೊದಲು ಟಪಾಲು ಬಿಚ್ಚಿ

ಕ್ಯಾಲಿಫೋರ್ನಿಯಾದ ಈ ಭಾಗಕ್ಕೆ ಬಂದ ಹೊಸದರಲ್ಲಿ ಕೌಂಟಿ ಅಂತ, ನಮ್ಮ ಜಿಲ್ಲೆಯ ಥರ, ಒಂದು ಸರ್ಕಾರ ಇದೆ ಎನ್ನುವುದೇ ನಮ್ಮವರ ಗಮನಕ್ಕೆ ಬರುವುದಿಲ್ಲ. ವೀಸಾ ವಾಷಿಂಗ್ಟನ್‌ನವರದು. ಡ್ರೈವಿಂಗ್ ಲೈಸೆನ್ಸ್ ರಾಜ್ಯದವರದು. ಕಸ ಸಿಟಿಯವರದು. ನಡುವೆ ಕೂತ ಕೌಂಟಿ ಮಾತಾಡುವುದು ಹೆಚ್ಚಾಗಿ ಟಪಾಲಿನಲ್ಲಿ. ಆ ಟಪಾಲು ಪಿಜ್ಜಾ ಕೂಪನ್ನುಗಳ ಜೊತೆ ಸೀದಾ ರೀಸೈಕಲ್ ಡಬ್ಬ ಸೇರುತ್ತದೆ. ಆಮೇಲೆ ಎರಡನೇ ನೋಟಿಸು ಬಂದಾಗ ಸನ್ನಿವೇಲ್‌ನ ನಮ್ಮ ಮನೆಗೆ ಓಡಿ ಬರುತ್ತಾರೆ. "ಆಂಟಿ, ಇದೇನು ಸ್ವಲ್ಪ ನೋಡಿ." ಹಾಗೆ ನೋಡಿದ ಲಕೋಟೆಗಳ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವುದು ಯಾರ ಕೆಲಸ ಅನ್ನುವುದು. ಕೌಂಟಿಯೊಳಗೆ 15 ಸಿಟಿಗಳಿವೆ, ಒಂದೊಂದರ ವ್ಯವಸ್ಥೆ ಒಂದೊಂದು ಥರ. ಕುಪರ್ಟಿನೊ, ಸಾರಟೋಗಾದವರಿಗೆ ಕೌಂಟಿಯ ಶೆರಿಫ್ ಇಲಾಖೆಯೇ ಪೊಲೀಸು, ಸಿಟಿ ದುಡ್ಡು ಕೊಟ್ಟು ಆ ಸೇವೆ ಪಡೆಯುತ್ತದೆ. ಸನ್ನಿವೇಲ್‌ನಲ್ಲಿ ಪೊಲೀಸೂ ಅಗ್ನಿಶಾಮಕವೂ ಸಿಟಿಯದೇ. ಲೈಬ್ರರಿಯೂ ಹಾಗೇ. ಕುಪರ್ಟಿನೊ, ಮಿಲ್ಪಿಟಾಸ್, ಸಾರಟೋಗಾ ಲೈಬ್ರರಿಗಳು ಕೌಂಟಿ ಲೈಬ್ರರಿ ಡಿಸ್ಟ್ರಿಕ್ಟಿಗೆ ಸೇರಿದವು. ಸನ್ನಿವೇಲ್, ಮೌಂಟನ್ ವ್ಯೂ, ಸ್ಯಾನ್ ಹೋಸೆಯವರದು ಬೇರೆ ಬೇರೆ. ಮನೆಯ ಆಸ್ತಿ ತೆರಿಗೆ, ಜನನ ಮರಣ ಮದುವೆ ದಾಖಲೆ, ಮತದಾರರ ಪಟ್ಟಿ, ಸಾರ್ವಜನಿಕ ಆರೋಗ್ಯ, ಇವಿಷ್ಟು ನೀವು ಯಾವ ಸಿಟಿಯಲ್ಲಿದ್ದರೂ ಕೌಂಟಿಯದೇ.

ಮನೆ ಕೊಂಡವರು ಮುಂದಿನದನ್ನು ನಿಧಾನವಾಗಿ ಓದಿ.

ಆಸ್ತಿ ತೆರಿಗೆ ವರ್ಷಕ್ಕೆ ಎರಡು ಕಂತು. ಮೊದಲನೆಯದು ನವೆಂಬರ್ 1ಕ್ಕೆ ಬಾಕಿ ಬೀಳುತ್ತದೆ, ಡಿಸೆಂಬರ್ 10ರೊಳಗೆ ಕಟ್ಟಬೇಕು. ಎರಡನೆಯದು ಫೆಬ್ರವರಿ 1ಕ್ಕೆ, ಕೊನೆಯ ದಿನ ಏಪ್ರಿಲ್ 10. ತಪ್ಪಿದರೆ ಶೇ. 10 ದಂಡ. "ಬಿಲ್ಲು ನಮಗೆ ಬರಲೇ ಇಲ್ಲ" ಅಂದರೆ ದಂಡ ಮನ್ನಾ ಆಗುವುದಿಲ್ಲ. ಬಿಲ್ಲು ಬರದಿದ್ದರೆ ಮನೆಯ ಪಾರ್ಸೆಲ್ ನಂಬರ್ (ಆ ಜಾಗಕ್ಕೆ ಕೌಂಟಿ ಕೊಟ್ಟ ಗುರುತಿನ ಸಂಖ್ಯೆ) ಹಾಕಿ ಕೌಂಟಿಯ ತೆರಿಗೆ ವಿಭಾಗದ ಸೈಟಿನಲ್ಲಿ ನೀವೇ ನೋಡಿಕೊಳ್ಳಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಮೇಲೆ ಶುಲ್ಕ ಬೀಳುತ್ತದೆ. ಇಷ್ಟು ದೊಡ್ಡ ಮೊತ್ತಕ್ಕೆ ಪಾಯಿಂಟ್ಸ್ ಆಸೆ ಬೇಡ, ಬ್ಯಾಂಕ್ ಖಾತೆಯಿಂದಲೇ ಕಟ್ಟಿ.

"ನಮ್ಮ ತೆರಿಗೆ ಸಾಲ ಕೊಟ್ಟ ಬ್ಯಾಂಕೇ ಕಟ್ಟುತ್ತದೆ ಬಿಡಿ" ಅನ್ನುವವರೇ ಜಾಸ್ತಿ. ಅವರು ಸಿಕ್ಕಿಬೀಳುವುದು ಸಪ್ಲಿಮೆಂಟಲ್ ಬಿಲ್ಲಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಮೂಲ ತೆರಿಗೆ ಶೇ. 1. ಅದರ ಮೇಲೆ ಶಾಲೆ, ಆಸ್ಪತ್ರೆಗೆಂದು ಎತ್ತಿದ ಸಾಲದ ಬಾಂಡ್ ಅಂತ ಒಂದಿಷ್ಟು ಸೇರುತ್ತದೆ. ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆದರೆ ಮನೆ ಕೈ ಬದಲಾದ ಕೂಡಲೇ ಅದು ಈಗಿನ ಬೆಲೆಗೆ ಹಾರುತ್ತದೆ. ಲೆಕ್ಕ ನೋಡಿ. ಹಳಬರ ಹೆಸರಲ್ಲಿ 4 ಲಕ್ಷ ಡಾಲರ್ ಎಂದಿದ್ದ ಮನೆಯನ್ನು ನೀವು ಅಕ್ಟೋಬರ್‌ನಲ್ಲಿ 16 ಲಕ್ಷಕ್ಕೆ ಕೊಂಡಿರಿ ಅನ್ನಿ. ಮಾಮೂಲಿ ಬಿಲ್ಲು ಆ ವರ್ಷ ಹಳೇ ಬೆಲೆಯಲ್ಲೇ ಬರುತ್ತದೆ. ನೀವು ಖುಷಿಪಡುತ್ತೀರಿ. ತಿಂಗಳುಗಳು ಕಳೆದ ಮೇಲೆ ಮಿಕ್ಕ 12 ಲಕ್ಷದ ಮೇಲಿನ ತೆರಿಗೆ, ನವೆಂಬರ್‌ನಿಂದ ಜೂನ್‌ವರೆಗೆ 8 ತಿಂಗಳಿನದು, ಬೇರೆ ಲಕೋಟೆಯಲ್ಲಿ ಬರುತ್ತದೆ. ಬರೀ ಶೇ. 1 ಹಿಡಿದರೂ 8,000 ಡಾಲರ್. ಈ ಬಿಲ್ಲು ನಿಮಗೇ ಬರುತ್ತದೆ, ಬ್ಯಾಂಕ್ ಸಾಮಾನ್ಯವಾಗಿ ಕಟ್ಟುವುದಿಲ್ಲ. ಕಟ್ಟುವ ತಾರೀಖೂ ಬೇರೆ, ಬಿಲ್ಲಿನ ಮೇಲೆಯೇ ಇರುತ್ತದೆ. ಜನವರಿಯಿಂದ ಮೇ ಒಳಗೆ ಕೊಂಡವರಿಗೆ ಇಂಥವು ಎರಡು ಬರುತ್ತವೆ. ಗೃಹಪ್ರವೇಶದ ಖರ್ಚಿನ ಪಟ್ಟಿ ಮಾಡುವಾಗಲೇ ಇದಕ್ಕೂ ಒಂದು ಸಾಲು ಬರೆದಿಡಿ.

ನೀವೇ ವಾಸ ಮಾಡುವ ಮನೆಯಾದರೆ ಹೋಂಓನರ್ಸ್ ಎಕ್ಸೆಂಪ್ಷನ್‌ಗೆ ಒಂದು ಸಲ ಅರ್ಜಿ ಹಾಕಿ. ಬೆಲೆಯಲ್ಲಿ 7,000 ಡಾಲರ್ ಕಳೆಯುತ್ತಾರೆ, ಅಂದರೆ ತೆರಿಗೆಯಲ್ಲಿ ಉಳಿಯುವುದು ವರ್ಷಕ್ಕೆ ಸುಮಾರು 70 ಡಾಲರ್. ಜನವರಿ 1ರಂದು ಆ ಮನೆಯಲ್ಲಿರಬೇಕು, ಫೆಬ್ರವರಿ 15ರೊಳಗೆ ಅರ್ಜಿ ತಲುಪಬೇಕು. ಅರ್ಜಿಗೆ ಕಾಸಿಲ್ಲ. ಕಾಸು ಕೇಳುವ ಕಾಗದವೂ ಬರುತ್ತದೆ, ಅದಕ್ಕೇ ಈ ಮಾತು ಹೇಳಿದೆ. ಮನೆ ನಿಮ್ಮ ಹೆಸರಿಗಾದ ಕೆಲವೇ ವಾರಗಳಲ್ಲಿ, ಹದ್ದಿನ ಚಿತ್ರವೋ ಸರ್ಕಾರಿ ಮುದ್ರೆಯ ಥರದ್ದೋ ಇರುವ ಲಕೋಟೆಗಳು ಶುರುವಾಗುತ್ತವೆ. ನಿಮ್ಮ ಡೀಡಿನ (ಮನೆಯ ಹಕ್ಕುಪತ್ರದ) ಪ್ರತಿ ತರಿಸಿಕೊಡುತ್ತೇವೆ, ಇಷ್ಟು ಡಾಲರ್ ಕಳಿಸಿ ಅಂತ. ಸಣ್ಣಕ್ಷರದಲ್ಲಿ "ನಾವು ಸರ್ಕಾರದವರಲ್ಲ" ಎಂದಿರುತ್ತದೆ. ಅವನ್ನು ಮಾತ್ರ ಧಾರಾಳವಾಗಿ ಹರಿದು ಹಾಕಿ.

ಜೂನ್ ಕೊನೆಗೆ ಅಸೆಸರ್ ಕಚೇರಿಯಿಂದ ನಿಮ್ಮ ಮನೆಯ ಬೆಲೆ ಎಷ್ಟು ಹಿಡಿದಿದ್ದೇವೆ ಎಂದು ತಿಳಿಸುವ ಕಾಗದ ಬರುತ್ತದೆ. ಅದು ಬಿಲ್ಲಲ್ಲ. ಜನವರಿ 1ರ ಮಾರುಕಟ್ಟೆ ಬೆಲೆ ಅದಕ್ಕಿಂತ ಕಡಿಮೆ ಇತ್ತು ಎನ್ನಿಸಿದರೆ ಜುಲೈ 2ರಿಂದ ಸೆಪ್ಟೆಂಬರ್ 15ರೊಳಗೆ ಮೇಲ್ಮನವಿ ಹಾಕಬಹುದು. ಅದನ್ನು ಕೊಡುವುದು ಅಸೆಸರ್‌ಗಲ್ಲ, ಕೌಂಟಿಯ ಆಡಳಿತ ಮಂಡಳಿಯ ಕಚೇರಿಯಾದ ಕ್ಲರ್ಕ್ ಆಫ್ ದಿ ಬೋರ್ಡ್‌ಗೆ. ಅಕ್ಕಪಕ್ಕ ಮಾರಾಟವಾದ ಮನೆಗಳ ಬೆಲೆ ಸಾಕ್ಷಿಗಿರಲಿ. ತೀರ್ಪು ಬರುವವರೆಗೆ ತೆರಿಗೆ ಕಟ್ಟುತ್ತಲೇ ಇರಬೇಕು.

ಮಗು ಹುಟ್ಟಿದ ಮನೆಯವರಿಗೆ ಬೇರೆ ತಲೆನೋವು. ಜನನ ಪ್ರಮಾಣಪತ್ರ ಕೊಡುವುದು ಆಸ್ಪತ್ರೆ ಇರುವ ಕೌಂಟಿ, ನಿಮ್ಮ ಮನೆ ಇರುವ ಕೌಂಟಿಯಲ್ಲ. ಮಿಲ್ಪಿಟಾಸ್‌ನಲ್ಲಿದ್ದುಕೊಂಡು ಫ್ರೀಮಾಂಟ್‌ನಲ್ಲಿ ಹೆರಿಗೆಯಾದರೆ ಅಲಮೀಡಾ ಕೌಂಟಿಗೆ ಬರೆಯಬೇಕು. ಇಲ್ಲಿಯದಾದರೆ, ಇತ್ತೀಚಿನ ಜನನಕ್ಕೆ ಪಬ್ಲಿಕ್ ಹೆಲ್ತ್ ಇಲಾಖೆ, ಹಳೆಯದಕ್ಕೆ ಕ್ಲರ್ಕ್-ರೆಕಾರ್ಡರ್ ಕಚೇರಿ. ಆದರೆ ನಿಜವಾದ ಎಚ್ಚರ ಬೇಕಾದದ್ದು ಆಸ್ಪತ್ರೆಯಲ್ಲೇ. ನಮ್ಮಲ್ಲಿ ಹನ್ನೊಂದನೇ ದಿನಕ್ಕೆ ನಾಮಕರಣ, ಅವರು ಡಿಸ್ಚಾರ್ಜ್‌ಗೆ ಮುಂಚೆಯೇ ಹೆಸರು ಕೇಳುತ್ತಾರೆ! ಹಾಸನದ ಅಜ್ಜಿಗೆ ಫೋನ್ ಮಾಡಿ ನಕ್ಷತ್ರ ಕೇಳುವುದನ್ನೆಲ್ಲ ಅಷ್ಟರಲ್ಲೇ ಮುಗಿಸಿ. ಫಾರ್ಮಿನಲ್ಲಿ ಮಗುವಿನ ಹೆಸರು ಮಾತ್ರವಲ್ಲ, ನಿಮ್ಮಿಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಇನಿಷಿಯಲ್ ಇರುವವರು, ಸರ್‌ನೇಮ್ ಇಲ್ಲದವರು ಅಕ್ಷರ ಅಕ್ಷರ ಓದಿ ಸಹಿ ಹಾಕಿ. ಆಮೇಲೆ ತಿದ್ದಬೇಕೆಂದರೆ ರಾಜ್ಯದ ಕಚೇರಿಗೆ ಅರ್ಜಿ ಹೋಗುತ್ತದೆ. ತಿದ್ದುಪಡಿ ಎರಡನೇ ಹಾಳೆಯಾಗಿ ಸೇರುತ್ತದೆಯೇ ಹೊರತು ಮೊದಲನೆಯದು ಅಳಿಯುವುದಿಲ್ಲ. ಪ್ರತಿ ತರಿಸುವಾಗ "ಆಥರೈಸ್ಡ್" ಪ್ರತಿಯನ್ನೇ ಕೇಳಿ. "ಇನ್ಫರ್ಮೇಷನಲ್" ಪ್ರತಿ ಪಾಸ್‌ಪೋರ್ಟಿಗೆ ನಡೆಯುವುದಿಲ್ಲ. ಟಪಾಲಿನಲ್ಲಿ ತರಿಸುವುದಾದರೆ ನೋಟರಿ ಮುಂದೆ ಪ್ರಮಾಣದ ಕಾಗದಕ್ಕೆ ಸಹಿ ಬೇಕು. ಒಂದೆರಡು ಪ್ರತಿ ಜಾಸ್ತಿಯೇ ಇಟ್ಟುಕೊಳ್ಳಿ.

ಜ್ಯೂರಿ ಸಮನ್ಸ್, ಅಂದರೆ ಮೊಕದ್ದಮೆ ಕೇಳಿ ತೀರ್ಮಾನಿಸಲು ಜನಸಾಮಾನ್ಯರನ್ನು ಕೋರ್ಟಿಗೆ ಕರೆಯುವ ಕಾಗದ, ಕಂಡು ಹೆದರಿ ಬರುವವರೂ ಇದ್ದಾರೆ. ಅದು ಸುಪೀರಿಯರ್ ಕೋರ್ಟಿನದು. ಹೆಸರುಗಳನ್ನು ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿಯ ಪಟ್ಟಿ, 2022ರಿಂದ ರಾಜ್ಯದ ಆದಾಯ ತೆರಿಗೆ ಪಟ್ಟಿಯಿಂದ ಆರಿಸುತ್ತಾರೆ. ಹಾಗಾಗಿ ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೂ ಬರುತ್ತದೆ. ನಾಗರಿಕರಲ್ಲ ಎಂದು ಗುರುತು ಮಾಡಿ ಉತ್ತರ ಕಳಿಸಿ, ಅಷ್ಟೇ. ಸುಮ್ನೆ ಇದ್ದುಬಿಡಬೇಡಿ. ಇದೇ ಜಾಗದಲ್ಲಿ ಇನ್ನೊಂದು ಮಾತು: ಡಿಎಂವಿಯಲ್ಲಿ ಮತದಾರರಾಗಿ ನೋಂದಾಯಿಸುವ ಪ್ರಶ್ನೆ ಬಂದಾಗ, ನಾಗರಿಕರಲ್ಲದವರು ಆತುರದಲ್ಲಿ "ಹೌದು" ಒತ್ತಬೇಡಿ. ಮುಂದೆ ವಲಸೆ ಅರ್ಜಿಗೇ ಅದು ಮುಳ್ಳಾಗುತ್ತದೆ.

ಇನ್ನು ಕೇಳಿದರೆ ಮಾತ್ರ ಸಿಗುವ ಸೇವೆಗಳು. ಹಿತ್ತಲಲ್ಲಿ ಕಮಲದ ಕೊಳವೋ ನೀರಿನ ತೊಟ್ಟಿಯೋ ಇದ್ದರೆ ಸೊಳ್ಳೆ, ಇಲಿಗಳ ಕಾಟ ತಡೆಯುವ ಕೌಂಟಿಯ ವೆಕ್ಟರ್ ಕಂಟ್ರೋಲ್‌ನವರು ಸೊಳ್ಳೆಮರಿ ತಿನ್ನುವ ಮೀನನ್ನು ಬಿಟ್ಟಿಯಾಗಿ ಕೊಡುತ್ತಾರೆ. ಊರಲ್ಲಿ ಆರೋಗ್ಯ ಇಲಾಖೆಯವರು ಬಾವಿಗೆ ಬಿಡುವ ಗಾಂಬೂಸಿಯಾ ಮೀನೇ. ಇಲಿ, ಹೆಗ್ಗಣದ ಕಾಟವಿದ್ದರೂ ಇವರನ್ನೇ ಕರೆಯಿರಿ. ಹಳೇ ಪೇಂಟು, ಟ್ಯೂಬ್‌ಲೈಟು, ಬ್ಯಾಟರಿಗಳನ್ನು ಕಸದ ಡಬ್ಬಕ್ಕೆ ಹಾಕುವಂತಿಲ್ಲ. ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಂಡು ಹೋದರೆ ಮನೆಮಂದಿಯಿಂದ ದುಡ್ಡು ಕೇಳುವುದಿಲ್ಲ. ಅಂಗಡಿಯಲ್ಲಿ ಬೆಂಡೆಕಾಯಿ ತೂಕದಲ್ಲಿ ಅನುಮಾನ ಬಂದರೆ ತಕ್ಕಡಿ ಮೇಲೆ ಕೌಂಟಿಯ ಸ್ಟಿಕ್ಕರ್ ಇದೆಯೇ ನೋಡಿ. ಪೆಟ್ರೋಲ್ ಪಂಪಿನಲ್ಲೂ ಇರುತ್ತದೆ. ದೂರು ಕೊಡಬೇಕಾದದ್ದು ತೂಕ ಅಳತೆ ವಿಭಾಗಕ್ಕೆ.

ಕರಿಬೇವಿನ ಬಗ್ಗೆ ಸ್ವಲ್ಪ ಖಾರವಾಗೇ ಹೇಳುತ್ತೇನೆ. ಏಷ್ಯನ್ ಸಿಟ್ರಸ್ ಸಿಲಿಡ್ ಅನ್ನುವ ಪುಟ್ಟ ಹುಳಕ್ಕೆ ನಿಂಬೆ, ಕಿತ್ತಳೆ ಗಿಡಗಳಷ್ಟೇ ಕರಿಬೇವೂ ಇಷ್ಟ. ಅದು ಹರಡುವ ಎಚ್‌ಎಲ್‌ಬಿ ರೋಗಕ್ಕೆ ಮದ್ದಿಲ್ಲ, ನಿಂಬೆ ಜಾತಿಯ ಮರ ಸತ್ತೇ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ರೋಗ ಮೊದಲು ಕಂಡದ್ದು 2012ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯ ಹಸೀಂಡಾ ಹೈಟ್ಸ್‌ನ ಒಂದು ಮನೆಯಂಗಳದಲ್ಲಿ. ಹಾಗಾಗಿ ಅಲ್ಲಿಯ ನೆಂಟರ ಮನೆಯಿಂದ ಗಿಡವೋ ಕಂತೆ ಸೊಪ್ಪೋ ಕಾರಿನಲ್ಲಿ ತರಬೇಡಿ. ಲೈಸೆನ್ಸ್ ಇರುವ ನರ್ಸರಿಯಿಂದಲೇ ಕೊಳ್ಳಿ. ಕೌಂಟಿಯ ಕೃಷಿ ವಿಭಾಗದವರು ಹಿತ್ತಲಿನ ಮರಕ್ಕೆ ಹಳದಿ ಅಂಟುಹಾಳೆ ನೇತುಹಾಕಲು ಬಂದು ಕೇಳಿದರೆ ಗುರುತಿನ ಚೀಟಿ ನೋಡಿ ಒಳಗೆ ಬಿಡಿ.

ಕೌಂಟಿಯ ತುರ್ತು ಎಚ್ಚರಿಕೆ ಸೇವೆಯಾದ ಅಲರ್ಟ್‌ಎಸ್‌ಸಿಸಿಗೆ ಫೋನ್ ನಂಬರ್ ಕೊಟ್ಟಿಡಿ. ಕಾಳ್ಗಿಚ್ಚು, ಪ್ರವಾಹದ ಎಚ್ಚರಿಕೆ ಮೆಸೇಜಿನಲ್ಲಿ ಬರುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲಿಯ ನಂಬರ್ ಇದ್ದರೆ ಅದನ್ನೂ ಸೇರಿಸಿ.

ಇಷ್ಟೆಲ್ಲ ನಡೆಸುವುದು ಐದು ಜನ ಚುನಾಯಿತ ಸೂಪರ್‌ವೈಸರ್‌ಗಳ ಬೋರ್ಡ್. ಸಭೆ ಸ್ಯಾನ್ ಹೋಸೆಯ ವೆಸ್ಟ್ ಹೆಡಿಂಗ್ ಸ್ಟ್ರೀಟ್, 70ನೇ ನಂಬರ್ ಕಟ್ಟಡದಲ್ಲಿ, ಸಾಮಾನ್ಯವಾಗಿ ಮಂಗಳವಾರ. ರಾಜ್ಯದ ಬ್ರೌನ್ ಕಾಯ್ದೆ ಪ್ರಕಾರ ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಯಾರು ಬೇಕಾದರೂ ಎದ್ದು ಮಾತಾಡಬಹುದು, ನಾಗರಿಕರೇ ಆಗಬೇಕಿಲ್ಲ, ಹೆಸರು ಹೇಳಲೇಬೇಕು ಎಂದೂ ಇಲ್ಲ. ಸಿಗುವುದು ಒಂದೆರಡು ನಿಮಿಷ. ಪೀಠಿಕೆ ಬಿಟ್ಟು, ವಿಷಯಪಟ್ಟಿಯ ನಂಬರ್ ಹೇಳಿ, ಏನು ಬೇಕು ಅನ್ನುವುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಹೋಗಲು ಆಗದಿದ್ದರೆ ಅದನ್ನೇ ಬರೆದು ಕ್ಲರ್ಕ್ ಆಫ್ ದಿ ಬೋರ್ಡ್‌ಗೆ ಕಳಿಸಿ.