ರೋಟಾವೇಟರ್ ಹೊಡೆಸುವ ಮೊದಲು ಮಲ್ಚಿಂಗ್ ಶೀಟ್ ತೆಗೆಯಿರಿ

ಟೊಮೆಟೊ ಕೊನೆ ಕೊಯ್ಲು ಮುಗಿದಿದೆ, ಮುಂದಿನ ಬೆಳೆಗೆ ಅವಸರ. ಕೋಲಾರ, ಚಿಂತಾಮಣಿ ಕಡೆ ಆಗ ಸುಮಾರು ಜನ ಮಾಡುವುದು ಇಷ್ಟೇ: ಕಳೆ ಬರದಂತೆ, ತೇವ ಆರದಂತೆ ಬೆಡ್ಡಿಗೆ (ಗಿಡ ನೆಡುವ ಏರುಮಡಿಗೆ) ಹೊದಿಸಿದ ಮಲ್ಚಿಂಗ್ ಶೀಟನ್ನು ಕೈಗೆ ಸಿಕ್ಕಷ್ಟು ಕಿತ್ತು ಬದುವಿಗೆ ಎಸೆದು, ಉಳಿದದ್ದರ ಮೇಲೆ ಮಣ್ಣು ಪುಡಿಮಾಡುವ ರೋಟಾವೇಟರ್ ಓಡಿಸುವುದು. ಶೀಟ್ ಪಾಲಿಥಿನ್, ಅದು ಕೊಳೆಯುವುದಿಲ್ಲ, ಚೂರಾಗುತ್ತದೆ. 5 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಅದನ್ನೇ ಮೈಕ್ರೋಪ್ಲಾಸ್ಟಿಕ್ ಅನ್ನುವುದು. ಎರೆಹುಳು, ಉಳುಮೆ ಎಲ್ಲ ಸೇರಿ ಅದನ್ನು ಇನ್ನೂ ಕೆಳಕ್ಕೆ ಇಳಿಸುತ್ತವೆ. ಎಕರೆಗಟ್ಟಲೆ ಮಣ್ಣಿನಿಂದ ಆ ಚೂರು ಆರಿಸಲು ಯಾರಿಗೂ ಆಗುವುದಿಲ್ಲ, ಹಾಗಾಗಿ ಏನು ಮಾಡುವುದಿದ್ದರೂ ಶೀಟ್ ಇಡಿಯಾಗಿರುವಾಗಲೇ ಮಾಡಬೇಕು.

ಕೆಲಸ ಶುರುವಾಗುವುದು ಅಂಗಡಿಯಲ್ಲಿ. 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪದ ಶೀಟ್ ಅಗ್ಗ ನಿಜ, ಆದರೆ ಬಿಸಿಲಿಗೆ ಬೇಗ ಸೆಟೆದು, ಎಳೆದರೆ ಕೈಗೆ ಚಿಂದಿ ಬರುತ್ತದೆ. 30 ಮೈಕ್ರಾನ್ ತೆಗೆದುಕೊಳ್ಳಿ. ಹರಿಯಲು ಶುರುವಾದ ಶೀಟಿನ ಮೇಲೆ ಇನ್ನೊಂದು ಬೆಳೆ ಬೇಡ, ಅಲ್ಲಿ ಉಳಿಸಿದ ದುಡ್ಡು ಮಣ್ಣಿಗೇ ಹೋಗುತ್ತದೆ. ‘ಆಕ್ಸೋ’ ಅಂತ ಬರೆದ ಶೀಟ್ ಕೊಳ್ಳಲೇಬೇಡಿ, ಅದು ಬೇಗ ಪುಡಿಯಾಗುವಂತೆ ಮಾಡಿದ ಮಾಮೂಲಿ ಪ್ಲಾಸ್ಟಿಕ್. ಯುರೋಪಿಯನ್ ಒಕ್ಕೂಟ 2019ರ ಕಾನೂನಿನಲ್ಲೇ ಇಂಥ ಮಾಲನ್ನು ನಿಷೇಧಿಸಿದೆ. ಭತ್ತದ ಹುಲ್ಲು, ಕಬ್ಬಿನ ತರಗು ಹತ್ತಿರದಲ್ಲೇ ಸಿಗುವವರು ಅದನ್ನೇ ಹೊದಿಸಬಹುದು, ಶೀಟೇ ಬೇಕಿಲ್ಲ. ಎಲ್ಲರಿಗೂ ಸಿಗಲ್ಲ, ಅದೂ ಗೊತ್ತು.

ತೆಗೆಯುವಾಗ ಮಣ್ಣಿನ ಹದ ನೋಡಿ. ಒದ್ದೆಯಾಗಿದ್ದರೆ ಕೆಸರು ಅಂಟುತ್ತದೆ, ಪೂರ್ತಿ ಒಣಗಿದ್ದರೆ ಅಂಚು ಹಿಡಿದುಕೊಂಡು ಹರಿಯುತ್ತದೆ. ಮೊದಲು ಗಿಡಗಳನ್ನು ಬುಡಕ್ಕೆ ಕತ್ತರಿಸಿ ಆಚೆ ಹಾಕಿ, ಕಟ್ಟಿದ ಪ್ಲಾಸ್ಟಿಕ್ ದಾರವನ್ನು ಗಿಡದ ಜೊತೆ ತಿಪ್ಪೆಗೆ ಹೋಗದ ಹಾಗೆ ಬಿಚ್ಚಿಟ್ಟುಕೊಳ್ಳಿ, ಡ್ರಿಪ್ ಪೈಪ್ ಎಳೆದು ಸುತ್ತಿ. ಆಮೇಲೆ ಬೆಡ್ಡಿನ ಎರಡೂ ಕಡೆ ಮಣ್ಣಲ್ಲಿ ಹೂತ ಅಂಚನ್ನು ಗುದ್ದಲಿಯಿಂದ ಸಡಿಲ ಮಾಡಿ. ಹೆಚ್ಚಾಗಿ ಹರಿದು ಒಳಗೇ ಉಳಿಯುವುದು ಈ ಅಂಚೇ, ಮಣ್ಣು ಹಿಡಿದುಕೊಂಡಿರುವುದರಿಂದ ಅದು ಗಟ್ಟಿಯಾಗಿ ಕೂತಿರುತ್ತದೆ. ಇಬ್ಬರು ನಿಂತು, ಒಂದು ತುಂಡು ಪೈಪಿಗೆ ಸುತ್ತುತ್ತಾ ನಿಧಾನವಾಗಿ ಎಳೆಯಿರಿ. ಬೆಡ್ಡಿನಿಂದ ಬೆಡ್ಡಿಗೆ 5 ಅಡಿ ಇದ್ದರೆ ಎಕರೆಗೆ ಸುಮಾರು 2,700 ಮೀಟರ್ ಶೀಟ್ ಬೇಕು. 4 ಅಡಿ ಅಗಲದ 30 ಮೈಕ್ರಾನ್ ಆದರೆ ತೂಕ 90 ಕೆಜಿ ಹತ್ತಿರ, ಹಾಸಿದ್ದೆಲ್ಲ ಎದ್ದು ಬಂತಾ ಅಂತ ಇದರಿಂದ ನೋಡಬಹುದು. ವಾಪಸ್ ಬಂದ ಕಂತೆ ತೂಗಿ 90 ಬಂತು ಅಂತ ಖುಷಿಪಡಬೇಡಿ, ಅದರಲ್ಲಿ ಮಣ್ಣೂ ಇರುತ್ತದೆ! ಒಣಗಿಸಿ, ಒದರಿ, ಆಮೇಲೆ ತೂಗಿ. ಗುಜರಿಯವರು ಬೇಡ ಅನ್ನುವುದೂ ಆ ಮಣ್ಣಿಗೇ, ಚೊಕ್ಕಟವಾಗಿ ಕಟ್ಟಿದ ಕಂತೆಯಾದರೆ ಮಾತಾಡಿ ನೋಡಬಹುದು. ಸುಡುವುದಂತೂ ಬೇಡ.

ಈಗಾಗಲೇ ಮಣ್ಣಲ್ಲಿ ಎಷ್ಟಿದೆ? ಒಂದು ಅಂದಾಜಿಗೆ ಮನೆಯಲ್ಲೇ ನೋಡಬಹುದು. ಮೇಲಿನ ಅರ್ಧ ಅಡಿಯಿಂದ ನಾಲ್ಕೈದು ಕಡೆ ಮಣ್ಣು ತೆಗೆದು, ಒಣಗಿಸಿ, ಹೆಂಟೆ ಪುಡಿಮಾಡಿ. ಒಂದು ಲೀಟರ್ ನೀರಿಗೆ 350 ಗ್ರಾಂ ಉಪ್ಪು ಕರಗಿಸಿ, ಒಂದೆರಡು ಹಿಡಿ ಮಣ್ಣು ಹಾಕಿ ಚೆನ್ನಾಗಿ ಕಲಕಿ ರಾತ್ರಿಯಿಡೀ ಬಿಡಿ. ಮಣ್ಣು ತಳಕ್ಕೆ ಕೂರುತ್ತದೆ, ಪಾಲಿಥಿನ್ ತೇಲುತ್ತದೆ. ಬೇರಿನ ಎಳೆ, ಹೊಟ್ಟು ಕೂಡ ತೇಲುತ್ತವೆ, ಅನುಮಾನ ಬಂದದ್ದಕ್ಕೆ ಕಾಯಿಸಿದ ಸೂಜಿ ಮುಟ್ಟಿಸಿ: ಪ್ಲಾಸ್ಟಿಕ್ ಕರಗಿ ಮುದುಡುತ್ತದೆ, ಹೊಟ್ಟು ಕರಿಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ಇದರಲ್ಲಿ ಸಿಗಲ್ಲ, ಪಿವಿಸಿಯಂಥ ಭಾರದ್ದು ಮುಳುಗಿಬಿಡುತ್ತದೆ. ಉಪ್ಪುನೀರನ್ನು ಹೊಲಕ್ಕೆ ಚೆಲ್ಲಬೇಡಿ.

ಇದೇ ಪರೀಕ್ಷೆಯನ್ನು ಊರ ಕಸದಿಂದ ಮಾಡಿದ ಕಾಂಪೋಸ್ಟ್ ಕೊಳ್ಳುವ ಮೊದಲೂ ಮಾಡಿ. ಸರ್ಕಾರದ ಗೊಬ್ಬರ ನಿಯಮದ ಪ್ರಕಾರ ಅದರಲ್ಲಿ ಶೇ. 90ರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಅದಕ್ಕಿಂತ ಸಣ್ಣ ಕವರ್ ಚೂರೂ ಅದೇ ಜರಡಿಯಲ್ಲಿ ಆರಾಮಾಗಿ ಇಳಿಯುತ್ತದಲ್ವಾ? ಒಂದು ಲೋಡ್ ಇಳಿಸಿಕೊಳ್ಳುವ ಮುಂಚೆ ಒಂದು ಬೊಗಸೆ ಕೇಳಿ ತನ್ನಿ.