ವಿಂಡೋಸ್ ಕೊನೆಗೆ, ಫೈಲ್ ಮೊದಲು: ಒಂದು ರಾಜ್ಯ ಪರದೇಶದ ಸಾಫ್ಟ್‌ವೇರ್ ಬಿಡುವುದು ಹೇಗೆ?

ಜರ್ಮನಿಯ ನಕ್ಷೆಯಲ್ಲಿ ತೀರಾ ಮೇಲೆ, ಡೆನ್ಮಾರ್ಕಿಗೆ ಅಂಟಿಕೊಂಡು ಶ್ಲೆಸ್ವಿಗ್-ಹೋಲ್‌ಸ್ಟೈನ್ ಅನ್ನುವ ರಾಜ್ಯವಿದೆ. ಜನಸಂಖ್ಯೆ ಹೆಚ್ಚುಕಮ್ಮಿ ನಮ್ಮ ಮೈಸೂರು ಜಿಲ್ಲೆಯಷ್ಟು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ, 30,000 ಕಚೇರಿ ಕಂಪ್ಯೂಟರ್‌ಗಳಿಂದ ಮೈಕ್ರೋಸಾಫ್ಟ್ ಆಫೀಸ್ ತೆಗೆದು, ಅದೇ ಕೆಲಸ ಮಾಡುವ ಲಿಬ್ರೆ ಆಫೀಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕುತ್ತೇವೆ ಎಂದಿತು. ಇಂಥ ಘೋಷಣೆ ಕೇಳಿ ಕೇಳಿ ನಮಗೆ ಅಭ್ಯಾಸ, ಅಲ್ವಾ? ಆದರೆ ಇವರು ಬಹುಪಾಲು ಮಾಡಿ ತೋರಿಸಿದರು. ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು, ಹೊರಗಿನ ಕಂಪನಿಗೆ ನಿಮ್ಮನ್ನು ಕಟ್ಟಿಹಾಕಿದ ಗಂಟು ಎಲ್ಲೆಲ್ಲಿ ಬಿದ್ದಿದೆ ನೋಡಿಕೊಳ್ಳಿ. ವರ್ಷವರ್ಷವೂ ಕಟ್ಟುವ ಲೈಸೆನ್ಸ್ ದುಡ್ಡು ಕಣ್ಣಿಗೆ ಕಾಣುವ ಗಂಟು. ಕಾಣದ್ದೂ ಒಂದಿದೆ: ಅಮೆರಿಕದ 2018ರ ಕ್ಲೌಡ್ ಆ್ಯಕ್ಟ್ ಪ್ರಕಾರ, ಸರ್ವರ್ ಯುರೋಪಿನಲ್ಲೇ ಇದ್ದರೂ ಅದು ಅಮೆರಿಕದ ಕಂಪನಿಯ ಕೈಯಲ್ಲಿದ್ದರೆ, ಅಮೆರಿಕದ ತನಿಖಾ ಸಂಸ್ಥೆಗಳು ಕಾನೂನು ಪ್ರಕಾರ ಮಾಹಿತಿ ಕೇಳಬಹುದು. ನಾಗರಿಕರ ಕಡತ ಇಟ್ಟುಕೊಂಡಿರುವ ಸರ್ಕಾರಕ್ಕೆ ಇದು ಸಣ್ಣ ವಿಷಯವಲ್ಲ.

ಆಮೇಲೆ ಫೈಲ್. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಆದರೆ ಯಾರಿಗೂ ಇದರ ಬಗ್ಗೆ ಮಾತಾಡುವ ಉತ್ಸಾಹ ಇರುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತಿತ್ತಲ್ಲ, ಆ ಪಾಡು ಪಟ್ಟವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಬರೆದದ್ದು ನಿಮ್ಮದು, ಆದರೆ ಓದಬೇಕಾದರೆ ಇನ್ನೊಬ್ಬರ ಸಾಫ್ಟ್‌ವೇರ್ ಬೇಕು. ಅದಕ್ಕೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ಒಡಿಎಫ್ ಅನ್ನುವ ಮುಕ್ತ ಫೈಲ್ ಮಾದರಿಯನ್ನು ಕಚೇರಿಗಳ ನಿಯಮ ಮಾಡಿತು. 2006ರಿಂದ ಅದು ಅಂತರರಾಷ್ಟ್ರೀಯ ಮಾನಕ. ಯಾವ ಕಂಪನಿಯ ಸಾಫ್ಟ್‌ವೇರ್ ಬೇಕಾದರೂ ಅದನ್ನು ಓದಿಕೊಳ್ಳಬಹುದು.

ಸಾಫ್ಟ್‌ವೇರ್ ಆರಿಸುವಾಗ ಅದರ ಜಾತಕ ನೋಡಿ. ಲಿಬ್ರೆ ಆಫೀಸ್‌ನ ಮೂಲ ಜರ್ಮನಿಯದೇ, ಸ್ಟಾರ್ ಆಫೀಸ್. 1999ರಲ್ಲಿ ಅಮೆರಿಕದ ಸನ್ ಕಂಪನಿ ಕೊಂಡುಕೊಂಡಿತು, ಆಮೇಲೆ ಸನ್ ಅನ್ನೇ ಒರಾಕಲ್ ಕೊಂಡಿತು. ಅಷ್ಟರಲ್ಲಿ ಕೋಡ್ ಎಲ್ಲರಿಗೂ ತೆರೆದುಕೊಂಡಿತ್ತು, ಹಾಗಾಗಿ 2010ರಲ್ಲಿ ಅದನ್ನು ಬರೆಯುತ್ತಿದ್ದವರೇ ಹೊರಬಂದು ಲಿಬ್ರೆ ಆಫೀಸ್ ಶುರು ಮಾಡಿದರು. ಮುಚ್ಚಿದ ಕೋಡ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಂದಿನದು ಇಮೇಲ್. ಇಲ್ಲಿ ಪೆಟ್ಟು ಬಿದ್ದೇ ಬೀಳುತ್ತದೆ, ತಯಾರಾಗಿರಿ. 2025ರ ಅಕ್ಟೋಬರ್ ಹೊತ್ತಿಗೆ ಅವರು 40,000ಕ್ಕೂ ಹೆಚ್ಚು ಮೇಲ್ ಖಾತೆಗಳನ್ನು, 10 ಕೋಟಿಗೂ ಮೀರಿದ ಮೇಲ್ ಮತ್ತು ಕ್ಯಾಲೆಂಡರ್ ನಮೂದುಗಳನ್ನು ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶಗಳಾದ ಎಕ್ಸ್‌ಚೇಂಜ್, ಔಟ್‌ಲುಕ್‌ನಿಂದ ಓಪನ್-ಎಕ್ಸ್‌ಚೇಂಜ್, ಥಂಡರ್‌ಬರ್ಡ್ ಅನ್ನುವ ಮುಕ್ತ ತಂತ್ರಾಂಶಗಳಿಗೆ ಸಾಗಿಸಿದರು. ನಡುವೆ ತೊಂದರೆಗಳಾದವು, ಸಿಬ್ಬಂದಿ ಗೊಣಗಿದರು. ಗೊಣಗದೆ ಇರುತ್ತಾರಾ? ಇಪ್ಪತ್ತು ವರ್ಷದಿಂದ ಒಂದೇ ಬಟನ್ ಒತ್ತಿದ ಬೆರಳು ಒಂದು ವಾರದಲ್ಲಿ ಬದಲಾಗುವುದಿಲ್ಲ. ತರಬೇತಿಗೆ ದುಡ್ಡು ಮತ್ತು ಸಮಯ ಎರಡನ್ನೂ ಮೊದಲೇ ತೆಗೆದಿಡಿ.

ಹಾಗಾದರೆ ವಿಂಡೋಸ್ ಬದಲು ಬಳಸುವ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್? ಅದನ್ನು ಅವರು ಕೊನೆಗೆ ಇಟ್ಟುಕೊಂಡಿದ್ದಾರೆ, ಜಾಣತನ ಇರುವುದೇ ಅಲ್ಲಿ. ಅದೇ ದೇಶದ ಮ್ಯೂನಿಕ್ ನಗರ 2003ರಲ್ಲೇ ಲಿನಕ್ಸ್ ಕಡೆ ಹೆಜ್ಜೆ ಇಟ್ಟಿತ್ತು. ತಡೆಯಲು ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ರಜೆ ಬಿಟ್ಟು ಓಡಿಬಂದು ಮೇಯರ್ ಭೇಟಿ ಮಾಡಿದ್ದರು! ಹತ್ತು ವರ್ಷ ತೆಗೆದುಕೊಂಡು ಸುಮಾರು 15,000 ಕಂಪ್ಯೂಟರ್ ಬದಲಾಯಿಸಿದರು, ಆದರೂ 2017ರಲ್ಲಿ ನಗರಸಭೆ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಮೇಯರ್ ಬದಲಾಗಿದ್ದರು, ಹೊರಗಿನವರ ಜೊತೆ ಕಡತ ಹಂಚಿಕೊಳ್ಳುವುದು ತಲೆನೋವಾಗಿತ್ತು. ಸುತ್ತಲಿನವರೆಲ್ಲ ವರ್ಡ್ ಫೈಲ್ ಕಳಿಸುತ್ತಿರುವಾಗ ಒಂದು ನಗರ ಒಂಟಿಯಾಗಿ ಎಷ್ಟು ದಿನ ನಿಂತೀತು?

ಇನ್ನು ಲೆಕ್ಕ. ಉಚಿತ ಸಾಫ್ಟ್‌ವೇರ್ ಅಂದರೆ ಖರ್ಚಿಲ್ಲ ಅಂತಲ್ಲ. ಶ್ಲೆಸ್ವಿಗ್-ಹೋಲ್‌ಸ್ಟೈನ್ ಹೇಳುವಂತೆ ಲೈಸೆನ್ಸ್‌ನಲ್ಲಿ ವರ್ಷಕ್ಕೆ 1.5 ಕೋಟಿ ಯುರೋಗೂ ಹೆಚ್ಚು ಉಳಿಯುತ್ತದೆ, ಆದರೆ 2026ರಲ್ಲಿ ಒಂದು ಸಲಕ್ಕೆ 90 ಲಕ್ಷ ಯುರೋ ಹೂಡಬೇಕು. ಅದನ್ನು ಹೊಸ ಸಾಫ್ಟ್‌ವೇರ್ ಇನ್ನಷ್ಟು ಬೆಳೆಸಲು ಮತ್ತು ಉಳಿದ ಬದಲಾವಣೆ ಮುಗಿಸಲು ಕೊಡುತ್ತಾರೆ.

ತೆರಿಗೆ ಇಲಾಖೆ ಬಿಟ್ಟರೆ ಸುಮಾರು 80 ಶೇಕಡಾ ಕಂಪ್ಯೂಟರ್‌ಗಳು 2025ರ ಕೊನೆಗೆ ಲಿಬ್ರೆ ಆಫೀಸ್‌ಗೆ ಬದಲಾಗಿದ್ದವು. ಉಳಿದವು ಯಾಕೆ ನಿಂತಿವೆ ಗೊತ್ತಾ? ಅಲ್ಲಿ ಬಳಸುವ ವಿಶೇಷ ತಂತ್ರಾಂಶಗಳು ವರ್ಡ್, ಎಕ್ಸೆಲ್‌ಗೇ ಕಟ್ಟಿಕೊಂಡಿವೆ. ನಿಮ್ಮ ಕಚೇರಿಯಲ್ಲಿ ಹೊರಡುವುದಿದ್ದರೆ ಇಂಥ ತಂತ್ರಾಂಶಗಳ ಪಟ್ಟಿಯನ್ನು ಮೊದಲ ದಿನವೇ ಮಾಡಿ, ಹೊಸ ಟೆಂಡರ್ ಕರೆಯುವಾಗ ಒಡಿಎಫ್ ಓದಬೇಕು ಅನ್ನುವ ಷರತ್ತನ್ನೂ ಬರೆದುಬಿಡಿ.